ಎಮಿಲ್ ಬರೆಯದ ಚೀಟಿ

ಎಮಿಲ್ ಹ್ರಿಂಕೊ ತೀರಿಕೊಂಡ ಸುದ್ದಿ ಮಂಗಳವಾರ ಬೆಳಿಗ್ಗೆ ಗೊತ್ತಾಯಿತು. ಕಾರ್ವೆಲ್ ಕಣಿವೆ ಪಿಸ್ತೂಲು ಸಂಘದ ಸದಸ್ಯರು ಆ ಹೊತ್ತಿನಲ್ಲಿ ಎಂದಿನಂತೆ ಪೆಟ್ರೋಲ್ ಬಂಕಿನ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಸುದ್ದಿ ಕೇಳಿ ಎಲ್ಲರೂ ಟೋಪಿ ತೆಗೆದರು. ಅಧ್ಯಕ್ಷ ವರ್ನಾನ್ ಪ್ರೈಸ್ ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟುಕೊಂಡ. ಹೀಗೆ ಒಂದು ನಿಮಿಷ ಮೌನವಾಗಿ ಕಳೆಯಿತು. ಅದು ಪೂರ್ತಿ ಒಂದು ನಿಮಿಷವೇನೂ ಆಗಿರಲಿಲ್ಲ ಎಂದು ಕಾಫಿ ತಂದವಳು ಆಮೇಲೆ ಹೇಳಿದಳು.

"ದೊಡ್ಡ ಮನುಷ್ಯ," ಎಂದ ವರ್ನಾನ್, ಕಣ್ಣು ತೆರೆಯುತ್ತ. "ತೋಟಾಕ್ಕೆ ಹಾಕ್ತಿದ್ದ ಮದ್ದಿನ ತೂಕ ಯಾರಿಗಾದ್ರೂ ಹೇಳಿದ್ನಾ?"

ಯಾರೂ ನಗಲಿಲ್ಲ. ಎಲ್ಲರ ಮನಸ್ಸಿನಲ್ಲಿದ್ದದ್ದೂ ಅದೇ ಪ್ರಶ್ನೆ. ವರ್ನಾನ್ ಅಧ್ಯಕ್ಷನಾದ್ದರಿಂದ ಮೊದಲು ಕೇಳುವ ಹಕ್ಕು ಅವನದಾಗಿತ್ತು, ಅಷ್ಟೆ.

ಪೆನ್ಸಿಲ್ವೇನಿಯಾದ ಆ ಕಣಿವೆಯಲ್ಲಿ ಅಂಗಡಿಯಿಂದ ತೋಟಾ ಕೊಂಡು ಗುರಿಗೆ ಹೊಡೆಯುವವನನ್ನು, ಬಾಡಿಗೆ ಕೋಟು ತೊಟ್ಟು ಸ್ವಂತ ಮದುವೆಗೆ ಬಂದವನಂತೆ ನೋಡುತ್ತಾರೆ. ಮರ್ಯಾದಸ್ಥರು ತಮ್ಮ ತೋಟಾಗಳನ್ನು ತಾವೇ ಮಾಡಿಕೊಳ್ಳಬೇಕು. ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು ಗುಂಡು ತೆಗೆಯಬೇಕು. ಹಳೆಯ ಹಿತ್ತಾಳೆ ಚಿಪ್ಪನ್ನು ತೊಳೆದು, ಅದಕ್ಕೆ ಮದ್ದನ್ನು ತೂಗಿ ತುಂಬಿ, ಮೇಲೆ ಗುಂಡನ್ನು ಕೂರಿಸಬೇಕು. ಮದ್ದು ಒಂದು ಕೂದಲೆಳೆಯಷ್ಟು ಹೆಚ್ಚಾದರೆ ಕಾಗದದ ಮೇಲಿನ ತೂತು ಎರಡು ಬೆರಳು ಆಚೆಗೆ ಹೋಗುತ್ತದೆ ಎಂದು ಅವರ ನಂಬಿಕೆ. ಹೊಡೆಯುವವನ ಕೈ ನಡುಗಿದರೆ ತೂತು ಎಷ್ಟು ಆಚೆಗೆ ಹೋಗುತ್ತದೆ ಎಂಬುದರ ಬಗ್ಗೆ ಸಂಘದಲ್ಲಿ ಅಷ್ಟಾಗಿ ಚರ್ಚೆ ನಡೆದದ್ದಿಲ್ಲ.

ತೋಟಾಗಳನ್ನು ಡಬ್ಬಿಗೆ ಜೋಡಿಸಿದ ಮೇಲೆ ಮುಚ್ಚಳದ ಒಳಗೆ ಒಂದು ಚೀಟಿ ಇಡುವುದು ಅಲ್ಲಿಯ ರೂಢಿ. ಯಾವ ಗುಂಡು, ಎಷ್ಟು ಮದ್ದು, ಯಾವ ದಿನ, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಮಾಡಿದವನು ಮಾತ್ರ ಬರೆಯಬೇಕು. ಇನ್ನೊಬ್ಬನ ಕೈಕೆಲಸಕ್ಕೆ ತನ್ನ ಕೈಬರಹ ಹಾಕುವುದು, ಇನ್ನೊಬ್ಬನ ಹೆಂಡತಿಯ ತೋಳು ಹಿಡಿದು ಚರ್ಚಿಗೆ ಹೋದಷ್ಟೇ ಕೆಟ್ಟದ್ದು.

ಎಮಿಲ್‌ನ ಡಬ್ಬಿಯಲ್ಲೂ ಚೀಟಿ ಇರುತ್ತಿತ್ತು. ಆದರೆ ಕಳೆದ ಏಳು ವರ್ಷಗಳಿಂದ ಅದು ಖಾಲಿ ಚೀಟಿ. ಆ ಖಾಲಿ ಚೀಟಿಯ ಡಬ್ಬಿ ಹಿಡಿದು ಬಂದು, ಮುನ್ನೂರಕ್ಕೆ ಇನ್ನೂರ ತೊಂಬತ್ತಕ್ಕೆ ಕಡಿಮೆಯಿಲ್ಲದಂತೆ ಹೊಡೆದು, ಯಾರೊಡನೆಯೂ ಜಂಬ ಕೊಚ್ಚಿಕೊಳ್ಳದೆ ಮನೆಗೆ ಹೋಗುತ್ತಿದ್ದ. ಜಂಬ ಕೊಚ್ಚಿಕೊಳ್ಳದಿದ್ದದ್ದು ಉಳಿದವರಿಗೆ ಇನ್ನಷ್ಟು ಉರಿಯುತ್ತಿತ್ತು.

ಎಮಿಲ್‌ಗೆ ಆಪ್ತನಾಗಿದ್ದವನು ಮೆಲ್ವಿನ್ ದುದಾಶ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಸಂಘದ ತಂಡಕ್ಕೆ ನಾಲ್ಕು ಜನ, ಮೆಲ್ವಿನ್ ಐದನೆಯವನು. ಇಪ್ಪತ್ತೆರಡು ವರ್ಷಗಳಿಂದ ಐದನೆಯವನು. ನಾಲ್ವರಲ್ಲಿ ಒಬ್ಬನಿಗೆ ಕಾಯಿಲೆಯಾದರೆ ಅವನು ಹೊಡೆಯಬೇಕು. ಆ ನಾಲ್ವರೂ ದೇವರ ದಯದಿಂದ ಕಲ್ಲುಗುಂಡಿನಂತಿದ್ದರು. ಹಾಗಾಗಿ ಮೆಲ್ವಿನ್ ಅವರ ಕಾಫಿ ಹೊತ್ತು, ಗುರಿಯ ಕಾಗದ ಅಂಟಿಸಿ, ಗಾಜಿನ ಕಪಾಟುಗಳ ಧೂಳು ಒರೆಸಿ ಕಾಲ ಕಳೆದಿದ್ದ. ಸಂಘದ ಒಳಗಿನ ಪಂದ್ಯಗಳಲ್ಲಿ ಹೊಡೆದಾಗಲೆಲ್ಲ ಅವನಿಗೆ ಬರುತ್ತಿದ್ದದ್ದು ಇನ್ನೂರ ಅರವತ್ತೊಂದು. ಹವಾಮಾನ ಬದಲಾಗುತ್ತಿತ್ತು, ಅಧ್ಯಕ್ಷರು ಬದಲಾಗುತ್ತಿದ್ದರು, ಇನ್ನೂರ ಅರವತ್ತೊಂದು ಬದಲಾಗುತ್ತಿರಲಿಲ್ಲ.

ಇದಕ್ಕೆ ಕಾರಣಗಳು ಅವನ ಬಳಿ ಧಾರಾಳವಾಗಿದ್ದವು. ಒಂದು ವರ್ಷ ತಕ್ಕಡಿ ಸರಿಯಿಲ್ಲ. ಇನ್ನೊಂದು ವರ್ಷ ಮದ್ದಿಗೆ ತೇವ ತಾಗಿದೆ. ಮತ್ತೊಂದು ವರ್ಷ ಸೀಸದಲ್ಲಿ ತವರ ಕಡಿಮೆ. ಆದರೆ ನಿಜವಾದ ಕಾರಣವನ್ನು ಅವನು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ. ಬಹಳ ಹಿಂದೆ ಅವನ ಗುಂಡಿನ ಅಚ್ಚು ಕೈಜಾರಿ ಕೊಟ್ಟಿಗೆಯ ಕಾಂಕ್ರೀಟ್ ನೆಲದ ಮೇಲೆ ಬಿದ್ದು ಅಂಚು ಮುಕ್ಕಾಗಿತ್ತು. ಅಂದಿನಿಂದ ಅದರಲ್ಲಿ ಹೊಯ್ದ ಪ್ರತಿ ಗುಂಡಿನ ಬುಡದಲ್ಲೂ ಉಗುರಿನಷ್ಟು ಚಿಕ್ಕ ಅರ್ಧಚಂದ್ರ ಮೂಡುತ್ತಿತ್ತು. ತೋಟಾ ಕಟ್ಟಿದ ಮೇಲೆ ಬುಡ ಚಿಪ್ಪಿನೊಳಗೆ ಅಡಗಿಹೋಗುವುದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗುಂಡಿನ ಬುಡ ಸರಿಯಿಲ್ಲದಿದ್ದರೆ ಗುರಿ ಸಿಕ್ಕುವುದಿಲ್ಲ ಎಂಬುದು ಆ ಕಣಿವೆಯಲ್ಲಿ ಬೈಬಲ್ಲಿಗೆ ಎರಡನೆಯದಾದ ಸತ್ಯ. ಎಮಿಲ್‌ಗೆ ಒಬ್ಬನಿಗೇ ಐದು ವರ್ಷದ ಹಿಂದೆ ಒಮ್ಮೆ ಗುಟ್ಟಾಗಿ ಆ ಚಂದ್ರನನ್ನು ತೋರಿಸಿದ್ದ. ಎಮಿಲ್ ಗುಂಡನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಹೌದಪ್ಪಾ, ಇದ್ರಿಂದ್ಲೇ ಇರ್ಬೇಕು," ಎಂದಿದ್ದ. ಮೆಲ್ವಿನ್‌ಗೆ ಆ ದಿನ ಪಾಪನಿವೇದನೆ ಮುಗಿಸಿ ಬಂದಷ್ಟು ಹಗುರವಾಗಿತ್ತು. ಪ್ರತಿ ವರ್ಷ ಹೊಸ ಅಚ್ಚು ತರಬೇಕೆಂದುಕೊಳ್ಳುತ್ತಿದ್ದ. ಪ್ರತಿ ವರ್ಷ ಮರೆಯುತ್ತಿದ್ದ. ಮರೆಯಲು ಅವನಿಗೂ ಏನೋ ಕಾರಣವಿದ್ದಿರಬೇಕು.

ಶುಕ್ರವಾರ ಎಮಿಲ್‌ನನ್ನು ಮಣ್ಣು ಮಾಡಿ, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ವರ್ನಾನ್ ಎದ್ದು ನಿಂತ. ಗಂಟಲಲ್ಲಿ ದುಃಖವಿತ್ತು, ಕೈಯಲ್ಲಿ ಗಸಗಸೆ ತುಂಬಿದ ಸಿಹಿ ಸುರುಳಿರೊಟ್ಟಿಯ ತುಂಡಿತ್ತು.

"ಎಮಿಲ್‌ನ ನೆನಪಿಗೆ ನಾಳೆ ಪಂದ್ಯ ಇಟ್ಕೊಂಡಿದೀವಿ. ತಂಡದಲ್ಲಿ ಅವನ ಜಾಗ ಖಾಲಿ ಇದೆ. ನ್ಯಾಯವಾಗಿ ಅದು ಐದನೆಯವನಾದ ನಮ್ಮ ಮೆಲ್ವಿನ್‌ದು. ಆದ್ರೆ ಎಮಿಲ್ ಜಾಗ ಅಂದ್ರೆ ಸುಮ್ನೆ ಅಲ್ಲವಲ್ಲ? ಮೆಲ್ವಿನ್ ನಾಳೆ ಇನ್ನೂರ ಎಪ್ಪತ್ತು ಹೊಡೀಲಿ. ಜಾಗ ಅವನಿಗೇ. ಹೊಡೀಲಿಲ್ಲ ಅಂದ್ರೆ ನನ್ನ ಬಾಮೈದ ಫೆಲ್ಟನ್ ಇದ್ದಾನೆ, ಹಲ್ಲಿನ ಡಾಕ್ಟ್ರು. ಪಕ್ಕದೂರಿನ ಸಂಘ ಬಿಟ್ಟು ಬರೋಕೆ ಪಾಪ ಒಪ್ಕೊಂಡಿದ್ದಾನೆ."

ಪಾಪದ ಫೆಲ್ಟನ್ ಆಗಲೇ ಮೂಲೆಯ ಮೇಜಿನಲ್ಲಿ ಕೂತು ಊಟ ಮಾಡುತ್ತಿದ್ದ. ಅವನಿಗೆ ಎಮಿಲ್‌ನ ಪರಿಚಯವೇ ಇರಲಿಲ್ಲ. ಆದರೂ ಎರಡನೆಯ ಸಲ ಬಡಿಸಿಕೊಂಡ.

ಶನಿವಾರ ಬೆಳಿಗ್ಗೆ ಮೆಲ್ವಿನ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಎಮಿಲ್‌ನ ಹೆಂಡತಿ ಓಲ್ಗಾ ಫೋನು ಮಾಡಿದಳು. ಎಮಿಲ್‌ನ ಕೆಲಸದ ಬೆಂಚಿನ ಮೇಲೆ ಒಂದು ಡಬ್ಬಿ ತೋಟಾ ಉಳಿದಿದೆ, ಬಂದು ತೆಗೆದುಕೊಂಡು ಹೋಗು ಎಂದಳು. ಮೆಲ್ವಿನ್ ಗುಂಡಿ ಹಾಕುವುದನ್ನು ನಿಲ್ಲಿಸಿದ.

"ಎಮಿಲ್‌ನ ಡಬ್ಬಿ!" ಎಂದ ಹೆಂಡತಿಗೆ. "ಡೊಲೊರೆಸ್, ಇನ್ನೂರ ಎಪ್ಪತ್ತು ಏನು, ಇನ್ನೂರ ತೊಂಬತ್ತು ಹೊಡೀತೀನಿ ನೋಡ್ತಿರು!"

"ನಿನ್ನೆ ತಾನೆ ಮಣ್ಣು ಮಾಡಿ ಬಂದ್ರಿ," ಎಂದಳು ಡೊಲೊರೆಸ್, ಪಾತ್ರೆ ತೊಳೆಯುತ್ತ. "ಸಮಾಧಾನ ಹೇಳೋಕೆ ಹೋಗ್ತಿದೀರೋ, ಬಾಚ್ಕೊಂಡು ಬರೋಕೆ ಹೋಗ್ತಿದೀರೋ?"

"ಎರಡೂ," ಎಂದು ಮೆಲ್ವಿನ್ ಪ್ರಾಮಾಣಿಕವಾಗಿ ಹೇಳಿದ.

ಓಲ್ಗಾ ಕಪ್ಪು ಉಡುಪಿನಲ್ಲಿ ಬಾಗಿಲಲ್ಲೇ ನಿಂತಿದ್ದಳು. ಡಬ್ಬಿ ಅವಳ ಕೈಯಲ್ಲಿತ್ತು. ಮೆಲ್ವಿನ್ ಅವಳ ಕೈ ಹಿಡಿದು ಎರಡು ಸಮಾಧಾನದ ಮಾತು ಹೇಳಿದ. ಮಾತು ಅವಳ ಮುಖ ನೋಡಿ ಹೇಳಬೇಕಾಗಿತ್ತು. ಕಣ್ಣು ಮಾತ್ರ ಡಬ್ಬಿಯನ್ನು ಬಿಟ್ಟು ಕದಲಲಿಲ್ಲ.

"ತಗೋ ಮೆಲ್ವಿನ್. ಇದು ನಿನಗೇ ಸೇರ್ಬೇಕು. ಆದ್ರೆ ಒಂದು ವಿಷಯ ಹೇಳ್ಬೇಕು ಕಣಪ್ಪ, ಒಳಗೆ ಬಾ, ಕೂತ್ಕೊ—"

"ಸಾಯಂಕಾಲ ಬಂದು ಕೇಳ್ತೀನಿ ಓಲ್ಗಾ! ಪಂದ್ಯಕ್ಕೆ ಹೊತ್ತಾಯ್ತು!"

ಪಂದ್ಯಕ್ಕೆ ಇನ್ನೂ ಎರಡು ಗಂಟೆಯಿತ್ತು.

ಕಾರಿನಲ್ಲಿ ಕೂತು ಮುಚ್ಚಳ ತೆರೆದು ನೋಡಿದ. ಐವತ್ತು ತೋಟಾ, ಸಾಲಾಗಿ, ಪ್ರಾರ್ಥನೆಗೆ ನಿಂತ ಸನ್ಯಾಸಿನಿಯರಂತೆ. ಮುಚ್ಚಳದೊಳಗೆ ಖಾಲಿ ಚೀಟಿ. ಮೆಲ್ವಿನ್ ಶಿಲುಬೆಯ ಗುರುತು ಮಾಡಿಕೊಂಡ. ತಾನು ಪ್ರತಿ ಕ್ರಿಸ್‌ಮಸ್ಸಿಗೆ ಎಮಿಲ್‌ಗೆ ಒಂದು ಕಾಫಿ ಡಬ್ಬದ ತುಂಬ ತನ್ನ ತೋಟಾ ಕೊಡುತ್ತಿದ್ದದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. "ತೋಟಕ್ಕೆ ನುಗ್ಗೋ ಹೆಗ್ಗಣ ಓಡ್ಸೋಕಾದ್ರೂ ಆಗುತ್ತೆ," ಎಂದು ಹೇಳಿ ಕೊಡುತ್ತಿದ್ದ. ತನ್ನ ಕೈಕೆಲಸದ ಮೇಲೆ ಅವನಿಗೆ ಎಷ್ಟು ಗೌರವವಿತ್ತೆಂದರೆ ಆ ಡಬ್ಬದಲ್ಲಿ ಚೀಟಿಯನ್ನೂ ಇಡುತ್ತಿರಲಿಲ್ಲ. ಅಂಥವನಿಗೆ ಇಂದು ಗುರುವಿನ ಕೊನೆಯ ಡಬ್ಬಿ ಸಿಕ್ಕಿತ್ತು.

ಬಂಕಿನ ಬಳಿ ಚೆಟ್ ಗ್ಲೊವಿಯಾಕ್ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದ. ತಂಡದಲ್ಲಿ ಮೂರನೆಯವನು. ಬೇರೆಯವರು ಜೇಬಿನಲ್ಲಿ ಕನ್ನಡಕ ಇಟ್ಟುಕೊಳ್ಳುವಂತೆ ಸಣ್ಣ ತಕ್ಕಡಿ ಇಟ್ಟುಕೊಳ್ಳುವವನು. ಅವನು ಕೇಳದೆಯೇ ಬಾಗಿಲು ತೆಗೆದು ಪಕ್ಕದಲ್ಲಿ ಕೂತ.

"ಓಲ್ಗಾ ಮನೆ ಕಡೆಯಿಂದ ಬರ್ತಿದೀಯ. ಮುಖ ನೋಡಿದ್ರೆ ಸಾವಿನ ಮನೆಯಿಂದ ಬಂದೋನ ಥರ ಇಲ್ಲ. ಏನು ಸಿಕ್ತು?"

"ಏನಿಲ್ಲ."

"ತೊಡೆ ಸಂದಿಯಲ್ಲಿ ಏನಿಲ್ಲವನ್ನ ಇಷ್ಟು ಗಟ್ಟಿಯಾಗಿ ಇಟ್ಕೊಂಡು ಕಾರು ಓಡಿಸ್ತಾರೇನಯ್ಯಾ?"

ಡಬ್ಬಿ ಹೊರಗೆ ಬಂತು. ಚೆಟ್ ಒಂದು ತೋಟಾ ತೆಗೆದು ಕಿವಿಯ ಬಳಿ ಅಲ್ಲಾಡಿಸಿದ. ಕಣ್ಣು ಮುಚ್ಚಿದ. ಮತ್ತೆ ಅಲ್ಲಾಡಿಸಿದ.

"ಕೇಳು ಮೆಲ್ವಿನ್, ಕೇಳು! ಒಳಗೆ ಮದ್ದು ಹೇಗೆ ಪಿಸುಗುಡ್ತಿದೆ! ನಂದು ಹೀಗೆ ಪಿಸುಗುಡಲ್ಲ. ನಿಂದಂತೂ ಹುರಿಗಡಲೆ ಡಬ್ಬಿ ಥರ ಗಲಗಲ ಅನ್ನುತ್ತೆ. ದೊಡ್ಡೋರ ಕೆಲಸ ಅಂದ್ರೆ ದೊಡ್ಡೋರದ್ದೇ ಕಣೋ."

ಹೀಗೆ ಹೇಳಿ ಎರಡನ್ನು ಜೇಬಿಗಿಳಿಸಿದ. "ತೂಕಕ್ಕೆ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಸಂಘದ ಬಯಲಿಗೆ ಇವರು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಓಲ್ಗಾಳ ಪಕ್ಕದ ಮನೆಯವರು ಕಿಟಕಿಯಲ್ಲಿ ನೋಡಿದ್ದರು. ಉಳಿದದ್ದು ತಾನಾಗಿ ನಡೆದಿತ್ತು. ವರ್ನಾನ್ ಕಾರಿನ ಬಾಗಿಲಿಗೇ ಬಂದ.

"ಮೆಲ್ವಿನ್, ಇದು ನಿನ್ನ ಸ್ವಂತ ಆಸ್ತಿ ಅಲ್ಲ. ಕಣಿವೆಯ ಆಸ್ತಿ. ಸಂಘದ ಗಾಜಿನ ಪೆಟ್ಟಿಗೆಗೆ ಐದು ಕೊಡು. ಆ ಚೀಟೀನೂ ಕೊಡು."

"ಚೀಟಿ ಖಾಲಿ ಇದೆ, ವರ್ನಾನ್."

"ಗೊತ್ತಪ್ಪ. ಅದೇ ಅದರ ಘನತೆ."

ಹಿಂದೆ ಸಾಲು ನಿಂತಿತ್ತು. ಒಬ್ಬೊಬ್ಬರೂ ಟೋಪಿ ತೆಗೆದು, ಡಬ್ಬಿಯ ಮುಂದೆ ತಲೆ ಬಗ್ಗಿಸಿ, ನೆನಪಿಗೆಂದು ಒಂದೊಂದು ತೋಟಾ ತೆಗೆದುಕೊಂಡರು. ಶವಪೆಟ್ಟಿಗೆಯ ಮುಂದೆ ನಿನ್ನೆ ಇಷ್ಟು ಹೊತ್ತು ಯಾರೂ ನಿಂತಿರಲಿಲ್ಲ. "ನನ್ನ ಮಗಳ ಮದುವೇಲಿ ಎಮಿಲ್ ಕುಣಿದಿದ್ದ, ನನಗೆ ಎರಡು ಬರ್ಬೇಕು," ಎಂದು ಒಬ್ಬ ಹಟ ಹಿಡಿದು ಎರಡು ತೆಗೆದುಕೊಂಡ. ಎಮಿಲ್‌ನ ಮುಖವನ್ನೇ ನೋಡದ ಫೆಲ್ಟನ್ ಕೂಡ ಕಣ್ಣೊರೆಸಿಕೊಂಡು ಒಂದು ತೆಗೆದುಕೊಂಡ. ಮೆಲ್ವಿನ್ ಬೇಡವೆನ್ನಲಿಲ್ಲ. ಬೇಡವೆನ್ನಲು ಕಲಿತಿದ್ದರೆ ಅವನು ಇಪ್ಪತ್ತೆರಡು ವರ್ಷ ಕಾಫಿ ಹೊರುತ್ತಿರಲಿಲ್ಲ. ಸಾಲು ಮುಗಿದಾಗ ಡಬ್ಬಿಯಲ್ಲಿ ಮೂವತ್ತು ಉಳಿದವು. ಪಂದ್ಯಕ್ಕೆ ಬೇಕಾದದ್ದು ಮೂವತ್ತು. ಅವನು ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟ.

ಮೊದಲನೆಯದು ನಿಧಾನದ ಸುತ್ತು. ಐವತ್ತು ಗಜ ದೂರ, ಹತ್ತು ಗುಂಡು, ಹತ್ತು ನಿಮಿಷ. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಹೊಡೆಯಬೇಕು. ಮೆಲ್ವಿನ್‌ನ ತೋಳು ಎಂದೂ ಇಲ್ಲದಂತೆ ತಣ್ಣಗಿತ್ತು. ಕೈ ಸರಿಯಿಲ್ಲವೇನೋ ಎಂದು ಯೋಚಿಸಲಿಲ್ಲ, ಬುಡದ ಚಂದ್ರನ ಬಗ್ಗೆ ಯೋಚಿಸಲಿಲ್ಲ. ಯೋಚಿಸುವ ಕೆಲಸವನ್ನೆಲ್ಲ ಎಮಿಲ್ ಮುಗಿಸಿಟ್ಟು ಹೋಗಿದ್ದನಲ್ಲ. ಅವನು ಸುಮ್ಮನೆ ಬೆರಳನ್ನು ಮೆಲ್ಲಗೆ ಒತ್ತಿದ. ಹತ್ತು ಸಲ ಒತ್ತಿದ.

ಕಾಗದ ತಂದು ನೋಡಿದರೆ ತೂತುಗಳೆಲ್ಲ ನಡುವಿನ ಕಪ್ಪಿನಲ್ಲಿ ಚಳಿಗೆ ಮುದುರಿದ ಮರಿಗಳಂತೆ ಒಂದಕ್ಕೊಂದು ಒತ್ತಿಕೊಂಡಿದ್ದವು. ತೊಂಬತ್ತೇಳು.

ವರ್ನಾನ್ ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದ. ಮೂರನೆಯ ಸಲ ಫೆಲ್ಟನ್ ಎಣಿಸಿದ. ತೊಂಬತ್ತೇಳೇ. ಇನ್ನೆರಡು ಸುತ್ತಿನಲ್ಲಿ ನೂರ ಎಪ್ಪತ್ಮೂರು ಬಂದರೆ ಎಮಿಲ್‌ನ ಜಾಗ ಮೆಲ್ವಿನ್‌ನದು. ಅವನ ಕಣ್ಣಲ್ಲಿ ನೀರು ಬಂತು. ಆಕಾಶದ ಕಡೆ ನೋಡಿ, "ನಿನ್ನ ಋಣ ಹೇಗೆ ತೀರಿಸಲಿ, ಎಮಿಲ್?" ಎಂದ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನಡುವೆ ಅರ್ಧ ಗಂಟೆಯ ಬಿಡುವಿತ್ತು, ಚೆಟ್‌ನ ಜೇಬಿನಲ್ಲಿ ಎರಡು ತೋಟಾಗಳಿದ್ದವು, ಸಂಘದ ಮನೆಯಲ್ಲಿ ತೋಟಾ ಬಿಚ್ಚುವ ಸುತ್ತಿಗೆಯಿತ್ತು.

ಚೆಟ್ ತೋಟಾವನ್ನು ಸುತ್ತಿಗೆಯ ಟೊಳ್ಳು ತಲೆಯೊಳಗೆ ಸಿಕ್ಕಿಸಿ ಮರದ ತುಂಡಿನ ಮೇಲೆ ಮೂರು ಸಲ ಬಡಿದ. ಗುಂಡು ಕಳಚಿಕೊಂಡಿತು. ಮದ್ದನ್ನು ಹಾಳೆಯ ಮೇಲೆ ಸುರಿದು ತೂಗಿದ. ಎರಡನೆಯದನ್ನೂ ಬಿಚ್ಚಿ ತೂಗಿದ. ಅವನ ಹುಬ್ಬು ಗಂಟಾಯಿತು.

"ಎರಡೂ ಒಂದೇ ತೂಕ ಇಲ್ಲವಲ್ಲ! ಇದೊಂದು, ಅದೊಂದು!"

"ಅದೇ ಗುಟ್ಟು," ಎಂದ ವರ್ನಾನ್ ತಕ್ಷಣ. "ಯಾವ ತೋಟಾಕ್ಕೆ ಎಷ್ಟು ಬೇಕೋ ಅಷ್ಟೇ ಹಾಕಿದ್ದಾನೆ. ನಾವು ಕುರುಡರ ಥರ ಎಲ್ಲಕ್ಕೂ ಒಂದೇ ತೂಕ ಹಾಕ್ತಿದ್ವಿ."

ಆಗ ಫೆಲ್ಟನ್ ಗುಂಡನ್ನು ಎತ್ತಿಕೊಂಡು, ಹುಳುಕು ಹಲ್ಲು ನೋಡುವಂತೆ ಮಗುಚಿ ನೋಡಿದ. "ಬುಡದಲ್ಲಿ ಏನೋ ಇದೆ," ಎಂದ. "ಅರ್ಧಚಂದ್ರ."

ಎಲ್ಲರೂ ಮುಗಿಬಿದ್ದರು. ಇನ್ನೊಂದು ಗುಂಡಿನ ಬುಡದಲ್ಲೂ ಅರ್ಧಚಂದ್ರ. ನೆನಪಿಗೆಂದು ಇಟ್ಟುಕೊಂಡಿದ್ದವರೆಲ್ಲ ತಮ್ಮತಮ್ಮದನ್ನು ತಂದು ಸುತ್ತಿಗೆಯಲ್ಲಿ ಬಡಿದು ಬಿಚ್ಚಿಸಿದರು. ನೆನಪುಗಳು ಒಂದೊಂದಾಗಿ ಬಿಚ್ಚಿಕೊಂಡವು. ಎಲ್ಲದರಲ್ಲೂ ಅದೇ ಚಂದ್ರ, ಅದೇ ಜಾಗದಲ್ಲಿ.

"ಇದು ಬೇಕಂತಲೇ ಕೊರೆದಿರೋದು. ಹೊಗೆ ಈ ಕಡೆಯಿಂದ ಸುತ್ತು ಹಾಕಿ ಗುಂಡನ್ನ ನೆಟ್ಟಗೆ ತಳ್ಳುತ್ತೆ," ಎಂದ ಚೆಟ್.

"ಉಗುರಿನ ಆಕಾರ ನೋಡಿ," ಎಂದ ಇನ್ನೊಬ್ಬ. "ಎಂಥ ನಯ! ಎಷ್ಟು ವರ್ಷದ ಸಾಧನೆ ಇರಬೇಕು!"

ಮೆಲ್ವಿನ್ ಎಲ್ಲರ ಭುಜಗಳ ನಡುವೆ ತಲೆ ತೂರಿಸಿದ. ನೋಡಿದ. ಇಪ್ಪತ್ತು ವರ್ಷಗಳಿಂದ ಪ್ರತಿ ಸಂಜೆ ಬೈದುಕೊಂಡು ನೋಡುತ್ತಿದ್ದ ಚಂದ್ರ. ಎಡ ತುದಿ ಸ್ವಲ್ಪ ಸೊಟ್ಟ. ತನ್ನ ಕೊಟ್ಟಿಗೆಯ ಕಾಂಕ್ರೀಟ್ ನೆಲವೇ ಕೈಯಾರೆ ಕೆತ್ತಿದ್ದು. ಕ್ರಿಸ್‌ಮಸ್ಸಿನ ಕಾಫಿ ಡಬ್ಬ ಅವನ ಕಣ್ಣ ಮುಂದೆ ಬಂದು ನಿಂತಿತು.

"ಇದು ನಂದು," ಎಂದ.

"ಏನು ನಿಂದು?"

"ಈ ಗುಂಡು. ಈ ತೋಟಾ. ಎಲ್ಲಾ ನಂದೇ. ನಾನೇ ಮಾಡಿದ್ದು. ನನ್ನ ಅಚ್ಚು ಮುಕ್ಕಾಗಿದೆ, ಅದಕ್ಕೇ ಈ ಗುರುತು. ಹೆಗ್ಗಣ ಓಡ್ಸೋಕೆ ಅಂತ ನಾನು ಎಮಿಲ್‌ಗೆ ಕೊಟ್ಟಿದ್ದು!"

ವರ್ನಾನ್ ನೊಂದ ದನಿಯಲ್ಲಿ ಹೇಳಿದ:

"ಮೆಲ್ವಿನ್. ಗೋರಿ ಮೇಲಿನ ಮಣ್ಣು ಇನ್ನೂ ಹಸಿಯಾಗಿದೆ. ಸತ್ತೋನ ಬುದ್ಧೀನ ನಂದು ಅಂತೀಯಲ್ಲಪ್ಪ, ನಿನಗೆ ದೇವರ ಭಯ ಬೇಡ್ವಾ?"

"ದೇವರಾಣೆ ನಂದು! ಮನೆಗೆ ಹೋಗಿ ಅಚ್ಚು ತಂದು ತೋರಿಸ್ತೀನಿ!"

"ತರ್ತೀಯ, ತರ್ತೀಯ," ಎಂದ ಚೆಟ್. "ದಾರಿಯಲ್ಲಿ ಅರ ಹಾಕಿ ಒಂದು ಚಂದ್ರ ಕೊರ್ಕೊಂಡು ತರ್ತೀಯ. ಒಂದು ಮಾತು ಕೇಳ್ತೀನಿ, ಉತ್ತರ ಕೊಡು. ಇದು ನಿನ್ನ ತೋಟಾನೇ ಆಗಿದ್ರೆ ಈಗ ತೊಂಬತ್ತೇಳು ಹೇಗೆ ಹೊಡೆದೆ?"

ಮೆಲ್ವಿನ್ ತನ್ನ ಗುರಿಯ ಕಾಗದದ ಕಡೆ ತಿರುಗಿ ನೋಡಿದ.

"ಮತ್ತೆ ಎಮಿಲ್ ಏಳು ವರ್ಷ ಇನ್ನೂರ ತೊಂಬತ್ತು ಹೊಡೆದದ್ದು ನಿನ್ನ ಹುರಿಗಡಲೆಯಲ್ಲೇನು?" ಎಂದು ಚೆಟ್ ಕೊನೆಯ ಮೊಳೆ ಬಡಿದ. ಎಲ್ಲರೂ ನಕ್ಕರು. ಅಂದು ಬೆಳಗಿನಿಂದ ದುಃಖದಲ್ಲಿದ್ದವರಿಗೆ ಆ ನಗು ಬೇಕಾಗಿತ್ತು.

ಆಮೇಲಿನದು ಬೇಗ ಮುಗಿಯಿತು. ಇಪ್ಪತ್ತು ಸೆಕೆಂಡಿಗೆ ಐದರಂತೆ ಎರಡು ಸಲ ಹೊಡೆಯುವ ಸುತ್ತು. ಅದೇ ಡಬ್ಬಿ, ಅದೇ ಪಿಸ್ತೂಲು, ಅದೇ ತೋಳು. ಆದರೆ ಈಗ ಕೈಯಲ್ಲಿದ್ದದ್ದು ಎಮಿಲ್‌ನ ತೋಟಾ ಅಲ್ಲ, ತನ್ನದು. ಬುಡದಲ್ಲಿ ಚಂದ್ರನಿದ್ದಾನೆ. ಹಾಗೆ ನೆನಪಾದದ್ದೇ ತೋಳು ಒಗೆದ ಬಟ್ಟೆ ಹರವಿದ ಹಗ್ಗದಂತೆ ತೂಗಾಡತೊಡಗಿತು. ಎಂಬತ್ತನಾಲ್ಕು. ಹತ್ತು ಸೆಕೆಂಡಿನ ಸುತ್ತಿನಲ್ಲಿ ಎಂಬತ್ತು. ಅದರಲ್ಲಿ ಒಂದು ಗುಂಡು ಪಕ್ಕದಲ್ಲಿ ನಿಂತಿದ್ದ ಫೆಲ್ಟನ್‌ನ ಕಾಗದದ ಅಂಚನ್ನು ಸವರಿಕೊಂಡು ಹೋಯಿತು.

ವರ್ನಾನ್ ಕೂಡಿಸಿದ. ಕೂಡಿಸುವ ಅಗತ್ಯವಿರಲಿಲ್ಲ. ಇನ್ನೂರ ಅರವತ್ತೊಂದು.

"ನೋಡಿದ್ರಾ?" ಎಂದ ವರ್ನಾನ್ ಎಲ್ಲರಿಗೂ ಕೇಳುವಂತೆ. "ಸುಳ್ಳು ಹೇಳಿದ ಮೇಲೆ ಎಮಿಲ್ ಕೈ ಹಿಂದಕ್ಕೆ ತಗೊಂಡ."

ಫೆಲ್ಟನ್‌ಗೆ ಇನ್ನೂರ ಎಂಬತ್ತೊಂದು ಬಂತು, ಎಮಿಲ್‌ನ ಜಾಗ ಬಂತು, ಚಪ್ಪಾಳೆಯೂ ಬಂತು. ವರ್ನಾನ್ ತನ್ನ ಐದು ತೋಟಾಗಳನ್ನೂ ಖಾಲಿ ಚೀಟಿಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ 'ಎಮಿಲ್ ಹ್ರಿಂಕೊನ ಕೈಕೆಲಸ' ಎಂದು ಬರೆಸಿದ. ಅದರ ಧೂಳು ಒರೆಸುವ ಕೆಲಸ ಎಂದಿನಂತೆ ಐದನೆಯವನಿಗೆ. "ಒರೆಸು, ಆದ್ರೆ ಮುಟ್ಟಬೇಡ," ಎಂದು ಎಚ್ಚರಿಸಿದ.

ಮೆಲ್ವಿನ್ ಕಾರು ಹತ್ತುವಾಗ ಚೆಟ್ ಓಡಿ ಬಂದು ಕಿಟಕಿಗೆ ಬಾಗಿದ. ಆಚೆ ಈಚೆ ನೋಡಿ ದನಿ ತಗ್ಗಿಸಿದ.

"ಕೋಪ ಮಾಡ್ಕೋಬೇಡ ಮಾರಾಯ. ನೀನು ಏನು ಬೇಕಾದ್ರೂ ಹಾಳು ಮಾಡೋದ್ರಲ್ಲಿ ಪಳಗಿದೋನು. ಅಚ್ಚಿನಲ್ಲಿ ಅಂಥಾ ಚಂದ್ರ ಮೂಡಿಸೋದು ಹೇಗೆ ಅಂತೀಯ?"

"ಕಾಂಕ್ರೀಟ್ ನೆಲದ ಮೇಲೆ ಬೀಳಿಸು."

"ಗುಟ್ಟು ಬಿಟ್ಕೊಡಲ್ಲ ಅನ್ನು," ಎಂದು ಚೆಟ್ ಸಿಟ್ಟಿನಿಂದ ಹೋದ.

ಸಾಯಂಕಾಲ ಮೆಲ್ವಿನ್ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಓಲ್ಗಾ ನಿನ್ನೆ ಉಳಿದ ಕೋಸಿನ ಪಲ್ಯವನ್ನು ಬಿಸಿ ಮಾಡಿ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಅವನು ತಿನ್ನಲಿಲ್ಲ.

"ಬೆಳಿಗ್ಗೆ ಅದನ್ನೇ ಹೇಳೋಕೆ ಹೊರಟಿದ್ದೆ," ಎಂದಳು. "ಬೆಂಕಿ ಬಿದ್ದ ಮನೆಯಿಂದ ಓಡೋ ಥರ ಓಡಿದೆ. ಏಳು ವರ್ಷದ ಹಿಂದೆ ಡಾಕ್ಟ್ರು ಎಮಿಲ್‌ಗೆ ರಕ್ತದಲ್ಲಿ ಸೀಸ ಸೇರಿದೆ ಅಂದ್ರು. ಸೀಸ ಕರಗಿಸೋ ಪಾತ್ರೇನ ನಾನೇ ಆಚೆ ಎಸೆದೆ. ಅಂಗಡಿ ತೋಟಾ ತಂದ್ರೆ ಚೆಟ್ ಬಾಯಿಗೆ ಬೀಳಬೇಕು. ನಿನ್ನ ಕಾಫಿ ಡಬ್ಬ ಇತ್ತಲ್ಲ? ಅದನ್ನೇ ತನ್ನ ಡಬ್ಬಿಗೆ ಜೋಡಿಸ್ಕೊಂಡು ಹೋಗ್ತಿದ್ರು."

"ಪ್ರತಿ ಸಂಜೆ ಕೊಟ್ಟಿಗೆ ಬಾಗಿಲು ಹಾಕ್ಕೊಂಡು ತೋಟಾ ಮಾಡ್ತಿರ್ಲಿಲ್ವಾ?"

"ರೇಡಿಯೋದಲ್ಲಿ ಬೇಸ್‌ಬಾಲ್ ಕೇಳ್ತಿದ್ರು. ನನ್ನ ಕಣ್ಣಿಗೆ ಬೀಳದ ಹಾಗೆ ಸಕ್ಕರೆ ರೊಟ್ಟಿ ತಿಂತಿದ್ರು."

"ಚೀಟಿ?"

"ತಾನು ಮಾಡದೆ ಇರೋದಕ್ಕೆ ಹೇಗೆ ಬರೀತಾರೆ? ಅಷ್ಟು ಮಾತ್ರಕ್ಕೆ ಅವರು ಸುಳ್ಳು ಹೇಳಿದೋರಲ್ಲ."

ಮೆಲ್ವಿನ್ ತಟ್ಟೆಯನ್ನು ಆಚೆ ಸರಿಸಿದ. "ನನಗೆ ಒಂದು ಮಾತು ಹೇಳಬಹುದಿತ್ತು," ಎಂದ.

ಓಲ್ಗಾ ಕಣ್ಣೊರೆಸಿಕೊಂಡಳು. ಆ ದಿನ ಆ ಕಣಿವೆಯಲ್ಲಿ ನೀರಿದ್ದ ಕಣ್ಣು ಒರೆಸಿಕೊಂಡವಳು ಅವಳೊಬ್ಬಳೇ ಇರಬೇಕು.

"ನಾನೂ ಹೇಳಿದೆ ಕಣಪ್ಪ, ಮೆಲ್ವಿನ್‌ಗೆ ಹೇಳಿಬಿಡಿ ಅಂತ. ಅದಕ್ಕೆ ಅವರು, 'ಬೇಡ ಓಲ್ಗಾ. ತೋಟಾ ಚೆನ್ನಾಗಿದೆ ಅಂತ ಗೊತ್ತಾದ್ರೆ ಅವನು ಮತ್ತೆ ಯಾವುದನ್ನ ದೂರ್ತಾನೆ? ತನ್ನ ಕೈಯನ್ನೇ ದೂರ್ಬೇಕಾಗುತ್ತೆ. ಆಮೇಲೆ ಶನಿವಾರ ಬರೋದೇ ನಿಲ್ಲಿಸ್ತಾನೆ. ಅವನು ಬರ್ಲಿಲ್ಲ ಅಂದ್ರೆ ಆ ಕತ್ತೆಗಳ ಮಧ್ಯೆ ನಾನು ಯಾರ ಜೊತೆ ಮಾತಾಡ್ಲಿ?' ಅಂದ್ರು."

ಅವಳು ಒಳಗೆ ಹೋಗಿ ಬೆಂಚಿನ ಮೇಲಿದ್ದ ಖಾಲಿ ಚೀಟಿಗಳ ಕಟ್ಟನ್ನೂ ಒಂದು ಪೆನ್ಸಿಲನ್ನೂ ತಂದಿಟ್ಟಳು. "ಮಾಡಿದೋನು ನೀನು. ನೀನೇ ಬರೆದುಬಿಡು. ನಾನು ಚರ್ಚಿನಲ್ಲಿ ಎಲ್ಲರ ಮುಂದೆ ನಿಜ ಹೇಳ್ತೀನಿ, ಚೀಟೀನೂ ತೋರಿಸ್ತೀನಿ."

ಮೆಲ್ವಿನ್ ನೆಟ್ಟಗೆ ಕೂತ. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಅವನಿಗೆ ಬರೆಯಲು ಏನೋ ಇತ್ತು. ಕಣಿವೆಯ ಅತ್ಯುತ್ತಮ ತೋಟಾ, ಮಾಡಿದವನು ಮೆಲ್ವಿನ್ ದುದಾಶ್. ಪೆನ್ಸಿಲ್ ತೆಗೆದುಕೊಂಡ. ಗುಂಡು ಯಾವುದೆಂದು ಬರೆದ. ಮದ್ದಿನ ತೂಕ ಎಂದು ಬರೆದು, ಮುಂದೆ ಎರಡು ಚುಕ್ಕೆ ಇಟ್ಟ. ಪೆನ್ಸಿಲ್ ಅಲ್ಲೇ ನಿಂತಿತು.

ಎಷ್ಟು ಹಾಕಿದ್ದ?

ಹೆಗ್ಗಣಕ್ಕೆ ತಾನೇ ಎಂದು ಅವನು ಆ ಡಬ್ಬಕ್ಕೆ ಸರಿಯಾಗಿ ತೂಗಿಯೂ ಇರಲಿಲ್ಲ, ಎಲ್ಲೂ ಬರೆದಿಟ್ಟೂ ಇರಲಿಲ್ಲ. ಯಾವ ಮದ್ದು ಎಂಬುದು ಕೂಡ ಖಚಿತವಾಗಿ ನೆನಪಿರಲಿಲ್ಲ. ಆ ವರ್ಷ ತಕ್ಕಡಿ ಸರಿಯಿರಲಿಲ್ಲವಲ್ಲ. ಅವನು ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮುಂದಿನ ಶನಿವಾರ ಪಿಸ್ತೂಲು ಹಿಡಿದಾಗ ತಪ್ಪು ಯಾವುದರ ಮೇಲೆ ಹೊರಿಸುವುದೆಂದು ಯೋಚಿಸಿದ. ಹೊರಿಸಲು ಏನೂ ಉಳಿದಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಚರ್ಚಿನ ಹಿಂದಿನ ಸ್ಮಶಾನದ ಗುಡ್ಡದ ಬಳಿ ಕಾರು ನಿಲ್ಲಿಸಿದ. ಹೂವುಗಳು ಆಗಲೇ ಬಾಡಿದ್ದವು. ಸಂಘದವರು ಕಳಿಸಿದ ಹೂಗುಚ್ಛ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಮೊದಲು ಬಾಡಿದ್ದು. ಮೆಲ್ವಿನ್ ಟೋಪಿ ತೆಗೆದು ಹಸಿ ಮಣ್ಣಿನ ಮುಂದೆ ನಿಂತ.

"ಪಾಪಿ," ಎಂದ. "ಏಳು ವರ್ಷ ನನ್ನ ಮುಖ ನೋಡ್ಕೊಂಡು ಸುಮ್ನಿದ್ದೆಯಲ್ಲೋ."

ಮಣ್ಣು ಏನೂ ಹೇಳಲಿಲ್ಲ. ಎಮಿಲ್ ಬದುಕಿದ್ದಾಗಲೂ ಹೆಚ್ಚೇನೂ ಹೇಳುತ್ತಿರಲಿಲ್ಲ. ಮೆಲ್ವಿನ್ ಸ್ವಲ್ಪ ಹೊತ್ತು ಕಾದು, ಆಮೇಲೆ ಕಷ್ಟಪಟ್ಟು ಮಂಡಿಯೂರಿದ.

"ಕರ್ತನೇ, ಎಮಿಲ್ ಹ್ರಿಂಕೊ ನಿನ್ನ ಬಳಿಗೆ ಬಂದಿದ್ದಾನೆ. ಅವನ ರಕ್ತದಲ್ಲಿದ್ದ ಸೀಸವನ್ನೂ ಎದೆಯಲ್ಲಿದ್ದ ಭಾರವನ್ನೂ ಇಳಿಸು. ಗುಂಡಿನ ಬುಡದ ಚಂದ್ರನ ಬಗ್ಗೆ ಅವನು ನನಗೆ ಹೇಳಿದ ಒಂದೇ ಒಂದು ಸುಳ್ಳನ್ನು ಕ್ಷಮಿಸು. ಅದನ್ನು ನನಗೋಸ್ಕರ ಹೇಳಿದ. ಸಂಜೆ ಹೊತ್ತು ಬಾಗಿಲು ಹಾಕಿಕೊಂಡು ಸುಮ್ಮನೆ ಕೂರಲು ಅವನಿಗೆ ನಿನ್ನ ಮನೆಯಲ್ಲಿ ಒಂದು ಮೂಲೆ ಕೊಡು. ಅಲ್ಲಿ ಯಾರೂ ಅವನಿಂದ ಏನನ್ನೂ ಕೇಳದಿರಲಿ. ಅವನ ಆತ್ಮಕ್ಕೆ ಶಾಂತಿ ಸಿಗಲಿ. ಆಮೆನ್."